ಹನಿಗಿಂತ ಮೊದಲು ಮಾತು

ಪೋಲಿಯೋ ಹನಿ ಹಾಕಲು ಬಂದವರಿಗೆ ಬಾಗಿಲು ತೆರೆಯದ ಮನೆಗಳ ಬಗ್ಗೆ ನೀವೂ ಕೇಳಿರಬಹುದು. "ತಿಳಿವಳಿಕೆ ಇಲ್ಲದವರು" ಎಂದು ಸುಮ್ಮನಾಗುವುದು ಸುಲಭ. ಆ ಬಾಗಿಲ ಹಿಂದಿದ್ದ ಪ್ರಶ್ನೆ ಏನೆಂದು ವಿಚಾರಿಸಿದವರು ಕಡಿಮೆ.

2002ರಲ್ಲಿ ನಮ್ಮ ದೇಶದಲ್ಲಿ 1600 ಮಕ್ಕಳು ಪೋಲಿಯೋಗೆ ತುತ್ತಾದರು. ಹೆಚ್ಚಿನವರು ಉತ್ತರ ಪ್ರದೇಶದವರು. ಅಲ್ಲಿನ ಪಶ್ಚಿಮ ಜಿಲ್ಲೆಗಳ ಬಡ ಮುಸ್ಲಿಮ್ ಮೊಹಲ್ಲಾಗಳಿಗೆ ಬಿದ್ದ ಪೆಟ್ಟು ದೊಡ್ಡದು. ಹನಿ ಹಾಕಿಸಿದರೆ ಮುಂದೆ ಸಂತಾನವಾಗದು ಎಂಬ ಗಾಳಿಸುದ್ದಿ ಹಬ್ಬಿತ್ತು. ಜೊತೆಗೆ ಇನ್ನೊಂದು ಮಾತೂ ಇತ್ತು: ಜ್ವರಕ್ಕೆ, ಭೇದಿಗೆ ಔಷಧ ಸಿಗದ ಕಡೆ ಇದೊಂದನ್ನೇ ಪುಕ್ಕಟೆಯಾಗಿ, ಮತ್ತೆ ಮತ್ತೆ ಮನೆಗೇ ತರುವುದೇಕೆ? ಮೊದಲನೆಯದು ಶುದ್ಧ ಸುಳ್ಳು. ಎರಡನೆಯದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವೂ ಇತ್ತು. ಚರಂಡಿ ಸರಿಯಿಲ್ಲದ, ಭೇದಿ ಹೆಚ್ಚಿರುವ ಇಕ್ಕಟ್ಟಿನ ಕೇರಿಗಳಲ್ಲಿ ಬಾಯಿಗೆ ಹಾಕುವ ಹನಿ ಮಗುವಿನ ಕರುಳಿನಲ್ಲಿ ಸರಿಯಾಗಿ ನಾಟುವುದಿಲ್ಲ. ಹೆಚ್ಚು ಸಲ ಹಾಕಬೇಕಾಗುತ್ತದೆ. ಈ ವಿಷಯವನ್ನು ತಾಯಂದಿರಿಗೆ ಕುಳಿತು ಹೇಳಬೇಕಿತ್ತು.

ಆಮೇಲೆ ದಾರಿ ಬದಲಾಯಿತು. ಅದೇ ಗಲ್ಲಿಯ ಹೆಣ್ಣುಮಕ್ಕಳನ್ನು ಯುನಿಸೆಫ್ ನೆರವಿನಿಂದ ತರಬೇತುಗೊಳಿಸಿ ಮನೆಮನೆಗೆ ಕಳಿಸಲಾಯಿತು. ಹೊರಗಿನ ಗಂಡಸರಿಗೆ ತೆರೆಯದ ಬಾಗಿಲು ಅವರಿಗೆ ತೆರೆಯಿತು. ಜಾಮಿಯಾ ಮಿಲ್ಲಿಯಾ, ಅಲೀಗಢ ವಿಶ್ವವಿದ್ಯಾಲಯಗಳು ಕೈಜೋಡಿಸಿದವು. ಉಲಮಾಗಳು ಬರೆದುಕೊಟ್ಟ ಮನವಿ ಪತ್ರ ಕಾರ್ಯಕರ್ತೆಯರ ಚೀಲದಲ್ಲಿರುತ್ತಿತ್ತು; ಮಸೀದಿಯ ಮೈಕಿನಲ್ಲಿ ಘೋಷಣೆ ಕೇಳಿಬಂತು. ಮುಂದೆ 107 ಬ್ಲಾಕ್‌ಗಳಲ್ಲಿ ಹನಿಯೊಂದಿಗೆ ಕೈತೊಳೆಯುವುದು, ಎದೆಹಾಲು, ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ವಿಷಯವೂ ಸೇರಿತು. ನನ್ನ ಮಟ್ಟಿಗೆ, ಭಿತ್ತಿಪತ್ರಕ್ಕಿಂತ ಕೆಲಸ ಮಾಡಿದ್ದು ಇದೇ. 2011ರ ಜನವರಿಯ ಬಳಿಕ ದೇಶದಲ್ಲಿ ಕಾಡು ಪೋಲಿಯೋ ಪ್ರಕರಣ ಕಂಡಿಲ್ಲ.

ನಮ್ಮಲ್ಲಿ? 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ವಾಟ್ಸಾಪ್‌ನಲ್ಲಿ ಓಡಾಡಿದ ಸುಳ್ಳು ಸಂದೇಶಗಳು ನಿಮ್ಮ ಫೋನಿಗೂ ಬಂದಿರಬಹುದು. ಅಂಥದ್ದನ್ನು "ಸುಳ್ಳು" ಎಂದಷ್ಟೇ ಬರೆದು ವಾಪಸ್ ಕಳಿಸಿದರೆ ಭಯ ಹೋಗದು. ಮಗುವಿಗೆ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಪೆಂಟಾವೇಲೆಂಟ್ ಚುಚ್ಚುಮದ್ದು ಕೊಟ್ಟ ಬಳಿಕ ಒಂದೆರಡು ದಿನ ಜ್ವರ, ಚುಚ್ಚಿದ ಜಾಗದಲ್ಲಿ ಊತ ಬರಬಹುದೆಂದು ಮೊದಲೇ ಹೇಳಿ. ಹೇಳದೆ ಇದ್ದಾಗಲೇ "ಚೆನ್ನಾಗಿದ್ದ ಮಗುವಿಗೆ ಏನೋ ಮಾಡಿದರು" ಎಂಬ ಮಾತು ಹುಟ್ಟುವುದು. ಮನೆಯಲ್ಲಿ ಅಜ್ಜಿಯ ಒಪ್ಪಿಗೆ ಬೇಕಿದ್ದರೆ ಅಜ್ಜಿಯ ಜೊತೆ, ಮನೆಯ ಭಾಷೆಯಲ್ಲೇ, ಉರ್ದುವಾಗಲಿ ಬ್ಯಾರಿಯಾಗಲಿ, ಮಾತನಾಡಿ. ನಿಮ್ಮ ಜಮಾಅತಿನವರು ಲಸಿಕೆಯ ದಿನವನ್ನು ಆಶಾ ಕಾರ್ಯಕರ್ತೆಯಿಂದ ತಿಳಿದು ಹಿಂದಿನ ಜುಮಾದಂದೇ ತಿಳಿಸಬಹುದು. ಜ್ವರ ಬಿಡದಿದ್ದರೆ ಯಾರಿಗೆ ಫೋನ್ ಮಾಡಬೇಕೆಂಬ ನಂಬರನ್ನೂ ಅದರೊಂದಿಗೇ ಕೊಡಿ.