ಅಳಿವೆಯ ಊರಿನಲ್ಲಿ ರೆಸಾರ್ಟ್: ಮೊದಲ ಪ್ರಶ್ನೆ ನೀರಿನದು

ಮಂಜಗುಣಿಯಂಥ ಊರಿನಲ್ಲಿ ರೆಸಾರ್ಟೊಂದು ಪರಿಸರಕ್ಕೆ ಹೊರೆಯಾಗದೆ ನಡೆಯುವುದೋ ಇಲ್ಲವೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಬಾವಿ ಮತ್ತು ಶೌಚಗುಂಡಿ. ಚಾವಣಿಯ ಸೌರಫಲಕಗಳ ಮಾತು ಆಮೇಲಿನದು. ಧಾರವಾಡದ ಕಡೆ ಹುಟ್ಟಿ, ಬೇಡ್ತಿ ಎಂಬ ಹೆಸರಿನಲ್ಲಿ ಮಾಗೋಡಿನಲ್ಲಿ ಧುಮುಕುವ ನದಿ ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುವ ಅಳಿವೆಯ ಉತ್ತರ ದಡದಲ್ಲಿದೆ ಅಂಕೋಲಾ ತಾಲ್ಲೂಕಿನ ಈ ಊರು. ನದಿ ದಾಟಿದರೆ ಗೋಕರ್ಣ ಹತ್ತಿರ. ಅಲ್ಲಿಯ ಜನಸಂದಣಿಯಿಂದ ದೂರ ಇರಬಯಸುವ ಪ್ರವಾಸಿಗರನ್ನು ಇಂಥ ದಡಗಳು ಸಹಜವಾಗಿ ಸೆಳೆಯುತ್ತವೆ.

ಕಡಲಂಚಿನ ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲ ನೀರು ಸಿಹಿನೀರಿಗಿಂತ ಶೇ 2.5ರಷ್ಟು ಭಾರ. ಈ ಸಣ್ಣ ವ್ಯತ್ಯಾಸದ ಪರಿಣಾಮ ದೊಡ್ಡದು. 19ನೇ ಶತಮಾನದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಘೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡ ಲೆಕ್ಕದಂತೆ, ಅಂತರ್ಜಲ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿನೀರು ನಿಲ್ಲುತ್ತದೆ. ಪಂಪು ಎಳೆದು ಆ ಮಟ್ಟ ಕಾಲು ಮೀಟರ್ ತಗ್ಗಿದರೆ, ಉಪ್ಪುನೀರಿನ ಗಡಿ ಕಾಲಾಂತರದಲ್ಲಿ 10 ಮೀಟರ್ ಮೇಲೇರಬಹುದು. ಆಗ ಹಾಳಾಗುವುದು ರೆಸಾರ್ಟಿನ ಬಾವಿಯಷ್ಟೇ ಅಲ್ಲ, ಪಕ್ಕದ ಮನೆಯದೂ ಹೌದು.

20 ಕೋಣೆಗಳಲ್ಲಿ 40 ಮಂದಿ ತಂಗಿ, ಒಬ್ಬೊಬ್ಬರು ದಿನಕ್ಕೆ 200 ಲೀಟರ್ ಬಳಸಿದರೆ 8,000 ಲೀಟರ್ ಬೇಕು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ; 100 ಚದರ ಮೀಟರ್ ಚಾವಣಿಯೊಂದರಿಂದಲೇ, ಪೋಲಾಗುವುದನ್ನು ಕಳೆದೂ, ಸುಮಾರು 2.4 ಲಕ್ಷ ಲೀಟರ್ ಹಿಡಿಯಬಹುದು. ಲೆಕ್ಕಕ್ಕೆ ಇದು 30 ದಿನದ ನೀರು. ಆದರೆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುಹೋಗುತ್ತದೆ, ಪ್ರವಾಸಿಗರು ತುಂಬುವುದು ಅದರ ನಂತರ. ಜುಲೈನಲ್ಲಿ ಮರಳು ತಾನಾಗಿಯೇ ತುಂಬಿ ಕಡಲಿಗೆ ಒಸರುವುದರಿಂದ ಅಲ್ಲಿ ಇಂಗುಗುಂಡಿ ತೋಡಿದರೆ ಲಾಭ ಕಡಿಮೆ. ಬೇಕಾದದ್ದು ಮುಚ್ಚಿದ ದೊಡ್ಡ ಟ್ಯಾಂಕು, ಕೊಳವೆಬಾವಿಯ ಬದಲು ಮೇಲಿನ ಪದರದ ನೀರನ್ನಷ್ಟೇ ತೆಗೆಯುವ ತೆರೆದ ಬಾವಿ, ಮತ್ತು ನಿಧಾನಕ್ಕೆ ಎಳೆಯುವ ಸಣ್ಣ ಪಂಪು. ಈಜುಕೊಳವನ್ನು ಕೈಬಿಡುವುದು ಇನ್ನೂ ಒಳ್ಳೆಯದು. ಮುಂದೆಯೇ ನದಿ, ಕಡಲು ಇರುವಲ್ಲಿ ಅದರ ಅಗತ್ಯವೂ ಇಲ್ಲ.

ಬಳಸಿದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ, ಅಂದರೆ ಮೇಲಿನ ಲೆಕ್ಕದಲ್ಲಿ ದಿನಕ್ಕೆ 6,400 ಲೀಟರ್. ಮರಳು ಇದನ್ನು ಸೋಸುವ ಮೊದಲೇ ಕೆಳಗಿಳಿಸುತ್ತದೆ; ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಶೌಚದ ಇಂಗುಗುಂಡಿಗಳೇ ಮುಳುಗಿ, ಕೊಳಚೆ ಅಳಿವೆ ಸೇರುತ್ತದೆ. ಅಳಿವೆಯ ಚಿಪ್ಪಿಕಲ್ಲುಗಳು ನೀರನ್ನು ಸೋಸಿ ಆಹಾರ ಪಡೆಯುವ ಜೀವಿಗಳಾದ್ದರಿಂದ ಕೊಳಚೆಯ ಬ್ಯಾಕ್ಟೀರಿಯಾ ಅವುಗಳ ಮೈಯಲ್ಲಿ ಸಂಗ್ರಹವಾಗಿ, ಅವನ್ನು ಆಯ್ದು ತಿನ್ನುವವರ ಹೊಟ್ಟೆ ಸೇರುತ್ತದೆ. ಸೆಪ್ಟಿಕ್ ಟ್ಯಾಂಕಿನ ನೀರನ್ನು ತಳಕ್ಕೆ ಹಾಳೆ ಹಾಸಿದ ಜಲ್ಲಿಯ ಮಡಿಗೆ ಹರಿಸಿ, ಅದರಲ್ಲಿ ಕಾಬಾಳೆ, ಆಪು ಹುಲ್ಲು ಬೆಳೆಸುವುದು ಸರಳ ಉಪಾಯ. ಬೇರು ಮತ್ತು ಜಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಹೊರಬರುವ ನೀರು ತೆಂಗಿನ ಬುಡಕ್ಕೆ ಸಾಕು. ಇದಕ್ಕೆ ವಿದ್ಯುತ್ ಬಹುತೇಕ ಬೇಡ, ಆದರೆ ಜಾಗ ಬೇಕು. ಆ ಜಾಗವನ್ನು ಕೋಣೆಗಳಿಗಿಂತ ಮೊದಲು ಗುರುತಿಸಿಡಬೇಕು.

ಕಟ್ಟಡ ಎಲ್ಲಿರಬೇಕೆಂಬುದಕ್ಕೆ ಕಾನೂನಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ಜನಸಾಂದ್ರತೆ ಕಡಿಮೆಯಿರುವ ಗ್ರಾಮೀಣ ಕಡಲತೀರದಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್ ಅಭಿವೃದ್ಧಿ ನಿಷಿದ್ಧ ಪ್ರದೇಶ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಅತ್ಯುನ್ನತ ರಕ್ಷಣೆ. ಕಾಂಡ್ಲಾದ ಬೇರುಗಳು ಹೂಳು ಹಿಡಿದು ದಡ ಉಳಿಸುತ್ತವೆ, ಮೀನುಮರಿಗಳಿಗೆ ಆಸರೆಯಾಗುತ್ತವೆ. ನೋಟಕ್ಕೆ ಅಡ್ಡವೆಂದು ಅದನ್ನು ಕಡಿಯುವವರು ತಮ್ಮ ನೆಲವನ್ನೇ ನದಿಗೆ ಒಪ್ಪಿಸುತ್ತಾರೆ. ಗುಡ್ಡ ಕತ್ತರಿಸಿ ಮಟ್ಟಮಾಡುವುದೂ ಅಷ್ಟೇ ಅಪಾಯ. 2024ರ ಜುಲೈ 16ರಂದು ಇದೇ ತಾಲ್ಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಇಳಿದದ್ದು ಮರೆಯುವಂಥದ್ದಲ್ಲ. ಕಾರವಾರದ ದೇವಬಾಗದಲ್ಲಿ, ಕಾಳಿ ನದಿಯ ಅಳಿವೆಯ ಬಳಿ, ಜಂಗಲ್ ಲಾಡ್ಜಸ್ ಸಂಸ್ಥೆ ಗಾಳಿಮರಗಳ ನಡುವೆ ಕಂಬಗಳ ಮೇಲೆ ಮರದ ಮನೆಗಳನ್ನು ನಿಲ್ಲಿಸಿದೆ. ನೆಲ ಅಗೆಯದೆಯೂ ಅತಿಥಿಗಳಿಗೆ ನೆಲೆ ಒದಗಿಸಬಹುದೆಂಬುದಕ್ಕೆ ಅದು ಹತ್ತಿರದ ಉದಾಹರಣೆ.

ಚಿರೆಕಲ್ಲಿನ ಗೋಡೆ, ಎತ್ತರದ ಹೆಂಚಿನ ಮಾಡು, ಎದುರುಬದುರು ಕಿಟಕಿಗಳಿದ್ದರೆ ಕಡಲಗಾಳಿಯೇ ಏಸಿಯ ಬಹುಪಾಲು ಕೆಲಸ ಮಾಡುತ್ತದೆ. ರಾತ್ರಿಯ ದೀಪಗಳಿಗೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ಈ ಕರಾವಳಿಯಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ಬೆಳಕಿರುವ ದಿಗಂತವೇ ಕಡಲೆಂದು ನಂಬಿ ಹೊರಡುವುದರಿಂದ ಬಿಳಿ ದೀಪ ಅವನ್ನು ದಡದತ್ತ ತಿರುಗಿಸಿ ಕೊಲ್ಲುತ್ತದೆ. ತಗ್ಗಿನಲ್ಲಿಟ್ಟು ಮರೆಮಾಡಿದ ಕೆಂಪು-ಹಳದಿ ದೀಪಗಳಿಂದ ಈ ಹಾನಿ ಕಡಿಮೆ.

ಕೋಣೆ ಕಾಯ್ದಿರಿಸುವ ಪ್ರವಾಸಿಗರು ದರ ವಿಚಾರಿಸುವಾಗಲೇ ಇನ್ನೆರಡು ಮಾತು ಕೇಳಬೇಕು: ನೀರು ಎಲ್ಲಿಂದ ಬರುತ್ತದೆ, ಶೌಚದ ನೀರು ಎಲ್ಲಿಗೆ ಹೋಗುತ್ತದೆ? ಉತ್ತರ ಸಿಗದ ಕಡೆ ತಂಗದಿರುವುದೇ ಸರಿ.