ಕ್ಲಿಂಗಾನ್ ನುಡಿಯ ಬಾಲಂಗೋಚಿಗಳು

ಶತ್ರು ಹಡಗಿನ ಎಂಜಿನ್ನಿಗೆ ಮಾತ್ರ ಗುರಿಯಿಡು ಎಂದಿದ್ದ ಅನ್ಯಲೋಕದ ಕ್ಲಿಂಗಾನ್ ಯೋಧರ ದಂಡನಾಯಕ ಕ್ರೂಗ್. ತೋಪಿನವನು ಇಡೀ ಹಡಗನ್ನೇ ಸಿಡಿಸಿಬಿಟ್ಟ. 1984ರ ‘ಸ್ಟಾರ್ ಟ್ರೆಕ್ 3: ದಿ ಸರ್ಚ್ ಫಾರ್ ಸ್ಪಾಕ್’ ಚಿತ್ರದ ಈ ದೃಶ್ಯದಲ್ಲಿ ಕ್ರೂಗ್ ‘ಜೋನ್ತಾ ನೆಹ್’ ಎಂದು ಗುಡುಗುತ್ತಾನೆ. ಬರೆದಾಗ ಅದರ ಅರ್ಥ ‘ಎಂಜಿನ್ ಮಾತ್ರ’. ಚಿತ್ರೀಕರಣ ಮುಗಿದ ಮೇಲೆ ಸಬ್‌ಟೈಟಲ್ ಬದಲಾಯಿತು: ‘ನನಗೆ ಸೆರೆಯಾಳುಗಳು ಬೇಕಿತ್ತು!’

ನಟನ ತುಟಿ ಆಡಿದ್ದನ್ನು ಬದಲಿಸುವಂತಿರಲಿಲ್ಲ. ಹಾಗಾಗಿ ಭಾಷೆ ಕಟ್ಟಿದ ಮಾರ್ಕ್ ಒಕ್ರಾಂಡ್ ವ್ಯಾಕರಣವನ್ನೇ ಬಗ್ಗಿಸಿದರು. ‘ಜೋನ್’ ಎಂದರೆ ಸೆರೆಹಿಡಿ, ‘ತಾ’ ಎಂದರೆ ಅಂದುಕೊಂಡದ್ದನ್ನು ಮಾಡಿ ಮುಗಿಸಿದ್ದನ್ನು ಹೇಳುವ ಪ್ರತ್ಯಯ, ‘ನೆಹ್’ಗೆ ‘ಮಾತ್ರ’ದ ಜೊತೆಗೆ ‘ಬೇಕು’ ಎಂಬ ಅರ್ಥವೂ ಸೇರಿತು.

ಒಕ್ರಾಂಡ್ ಹವ್ಯಾಸಿಯಲ್ಲ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುತ್ಸುನ್ ಭಾಷೆಯ ವ್ಯಾಕರಣ ಬರೆದು 1977ರಲ್ಲಿ ಬರ್ಕ್ಲಿಯಿಂದ ಡಾಕ್ಟರೇಟ್ ಪಡೆದವರು. 1979ರ ಮೊದಲ ಚಿತ್ರಕ್ಕೆ ನಟ ಜೇಮ್ಸ್ ಡೂಹನ್ ಹೊಸೆದಿದ್ದ ಕೆಲವೇ ಕ್ಲಿಂಗಾನ್ ಸಾಲುಗಳನ್ನು ಅವರು ಬುನಾದಿಯಾಗಿಟ್ಟುಕೊಂಡರು. ಅನ್ಯಲೋಕದ ಭಾಷೆ ಅನ್ನಿಸಬೇಕೆಂದು ಲೋಕದಲ್ಲಿ ತೀರ ವಿರಳವಾದ ಕರ್ಮ-ಕ್ರಿಯೆ-ಕರ್ತೃ ಕ್ರಮವನ್ನು ಆರಿಸಿದರು. 1985ರಲ್ಲಿ ‘ದಿ ಕ್ಲಿಂಗಾನ್ ಡಿಕ್ಷನರಿ’ ಬಂತು.

ಆ ಪುಸ್ತಕದ ಜೀವ ಇರುವುದು ಪ್ರತ್ಯಯಗಳಲ್ಲಿ. ನಾಮಪದಕ್ಕೆ ಐದು ವರ್ಗ, ಕ್ರಿಯಾಪದಕ್ಕೆ ಒಂಬತ್ತು. ಒಂದು ವರ್ಗದಿಂದ ಒಂದೇ ಪ್ರತ್ಯಯ, ಅದೂ ಗೊತ್ತಾದ ಸರದಿಯಲ್ಲಿ. ಈ ಸಾಲಿಗೆ ಸಿಗದೆ ಅಲೆಯುವ ಕೆಲವೂ ಇವೆ. ‘ಹೇಳಿಸಿಕೊಳ್ಳಲಾರದವರಿಗೂ’ ಎಂದು ಒಂದೇ ಉಸಿರಿನಲ್ಲಿ ಅನ್ನುವ ಕನ್ನಡಿಗರಿಗೆ ಈ ಪೋಣಿಕೆ ಹೊಸದಲ್ಲ. ಹೊಸದೆನಿಸುವುದು ಒಂದೊಂದು ತುಣುಕೂ ಹೊತ್ತಿರುವ ಛಾಯೆ.

‘ಡುಜ್’ ಎಂದರೆ ಹಡಗು. ಪರದೆಯ ಮೇಲೆ ಏನೋ ಚುಕ್ಕಿ ಕಂಡು, ಹಡಗೇ ಇರಬೇಕು ಅನ್ನಿಸಿದರೆ ‘ಡುಜ್‌ಹೇಯ್’. ಹಡಗೇ ಎಂದು ಖಾತ್ರಿಯಾದರೆ ‘ಡುಜ್‌ನಾ’. ‘ರೋಜ್’ ಶಾಂತಿ, ‘ರೋಜ್‌ಕೋಕ್’ ಎಂದರೆ ಶಾಂತಿಯಂತೆ ಶಾಂತಿ, ಯಾರು ನಂಬುತ್ತಾರೆ ಎಂಬ ಧಾಟಿ. ಕ್ಷಿಪಣಿ ಹತ್ತಿರವಾಗುತ್ತಿದೆ, ಗುರಿ ಯಾವುದೆಂದು ತಿಳಿಯದು ಎಂದಾದರೆ ‘ತಾಹ್’ ಪ್ರತ್ಯಯ. ಗೊತ್ತಿರುವ ಗುರಿಯತ್ತಲೇ ಬರುತ್ತಿದ್ದರೆ ‘ಲಿ’. ಕೊಂದದ್ದು ಬೇಕೆಂದೇ ಆದರೆ ‘ತಾ’ ಹಚ್ಚಬಹುದು, ಕೈತಪ್ಪಿ ಆದದ್ದಕ್ಕೆ ಹಚ್ಚುವಂತಿಲ್ಲ.

‘ಅಲ್ಲ’ ಎನ್ನುವ ‘ಬೇ’ ಅಲೆಮಾರಿ ಗುಂಪಿನದು. ‘ಚೋಹೋಹ್‌ವಿಪ್’ ಎಂದರೆ ‘ನನ್ನನ್ನು ಕೊಲ್ಲಲು ನಿನಗೆ ಭಯ’. ‘ಬೇ’ ಕೊನೆಗೆ ಬಂದರೆ ಭಯವಿಲ್ಲ ಎಂದಾಗುತ್ತದೆ. ‘ವಿಪ್’ಗೆ ಮೊದಲೇ ನುಸುಳಿದರೆ, ಕೊಲ್ಲದೆ ಬಿಡಲು ಭಯ!

ವ್ಯಾಕರಣ ಬಿಟ್ಟರೂ ಸಮಾಜ ಬಿಡದ ಜಾಗಗಳೂ ಇವೆ. ಭಯ ಸೂಚಿಸುವ ಈ ‘ವಿಪ್’ ಅನ್ನು ‘ನಾನು’, ‘ನಾವು’ ಜೊತೆ ಬಳಸುವುದು ತಪ್ಪಲ್ಲ, ಆದರೆ ಯೋಧರ ನಾಡಿನಲ್ಲಿ ಅದು ನಿಷಿದ್ಧ ಎನ್ನುತ್ತದೆ ನಿಘಂಟು. ಹಾಗೆಯೇ ಮಾತನಾಡಬಲ್ಲ ಜೀವಿಗಳಿಗೊಂದು ‘ನನ್ನ’, ಉಳಿದ ವಸ್ತುಗಳಿಗೊಂದು ‘ನನ್ನ’. ಒಡೆಯನಿಗೆ ವಸ್ತುವಿನ ಪ್ರತ್ಯಯ ಅಂಟಿಸಿದರೆ ವ್ಯಾಕರಣ ಕೆಡುವುದಿಲ್ಲ, ಮರ್ಯಾದೆ ಕೆಡುತ್ತದೆ. ಮಕ್ಕಳ ಬಹುವಚನ ‘ಪುಕ್‌ಪು’. ವಸ್ತುಗಳ ಬಹುವಚನ ಹಚ್ಚಿ ‘ಪುಕ್‌ಮೇಯ್’ ಎಂದರೆ ಎಲ್ಲೆಂದರಲ್ಲಿ ಚೆದುರಿದ ಮಕ್ಕಳು. ಇಷ್ಟು ಒರಟರ ಭಾಷೆಗೆ 1992ರ ಪರಿಷ್ಕೃತ ಆವೃತ್ತಿಯಲ್ಲಿ ಮುದ್ದಿನ ‘ಓಯ್’ ಕೂಡ ಸೇರಿತು: ‘ವಾವ್’ ಅಪ್ಪ, ‘ವಾವೋಯ್’ ಅಪ್ಪಾಜಿ.

ಅದೇ 1992ರಲ್ಲಿ ಅಮೆರಿಕದಲ್ಲಿ ಕ್ಲಿಂಗಾನ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ‘ಹ್ಯಾಮ್ಲೆಟ್’ ಅನುವಾದವಾಯಿತು, 2010ರಲ್ಲಿ ಹೇಗ್ ನಗರದಲ್ಲಿ ಕ್ಲಿಂಗಾನ್ ಒಪೆರಾ ರಂಗಕ್ಕೇರಿತು, 2018ರಲ್ಲಿ ಡ್ಯುಯೊಲಿಂಗೊ ಪಾಠ ಬಂತು. ಆದರೆ ಹೊಸ ಧಾತು ಬೇಕೆಂದರೆ ಈ ಬಳಗ ಇಂದಿಗೂ ಒಕ್ರಾಂಡ್ ಅವರತ್ತಲೇ ನೋಡುತ್ತದೆ; ಅವರು ಕೊಡದ ಪದಕ್ಕೆ ಅಲ್ಲಿ ಮಾನ್ಯತೆಯಿಲ್ಲ. ಇರುವ ಪದಕ್ಕೆ ಅನುಮಾನ, ವ್ಯಂಗ್ಯ, ಮುದ್ದು, ಹಟ ಹಚ್ಚಲು ಮಾತ್ರ ಯಾರ ಅಪ್ಪಣೆಯೂ ಬೇಡ. ಕ್ಲಿಂಗಾನ್ ಆಡುವವರಿಗೆ ಪೂರ್ತಿ ಸ್ವಂತವಾದದ್ದು ಈ ಬಾಲಂಗೋಚಿಗಳೇ.