ಮಾಸ್ಟಡಾನ್: ಒಬ್ಬ ಒಡೆಯನಿಲ್ಲದ ಜಾಲ

2022ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಎಲಾನ್ ಮಸ್ಕ್ ಅವರು ಸುಮಾರು 4,400 ಕೋಟಿ ಡಾಲರು ತೆತ್ತು ಟ್ವಿಟರ್ ಕಂಪನಿಯನ್ನು ಕೊಂಡಾಗ, ನಾನಾ ದೇಶಗಳ ಪತ್ರಕರ್ತರೂ ವಿದ್ವಾಂಸರೂ ಸಾಮಾನ್ಯ ಜನರೂ ಹದಿನಾರು ವರ್ಷಗಳಿಂದ ಸಾರ್ವಜನಿಕ ಸ್ಥಳವೆಂದೇ ಭಾವಿಸಿ ವ್ಯವಹರಿಸುತ್ತಿದ್ದ ತಾಣವು ವಸ್ತುತಃ ಕ್ರಯವಿಕ್ರಯಕ್ಕೆ ಒಳಪಟ್ಟ ಖಾಸಗಿ ಸ್ವತ್ತೆಂಬುದು ಎಲ್ಲರಿಗೂ ಮನದಟ್ಟಾಯಿತು. ಹೊಸ ಒಡೆತನವನ್ನು ಒಪ್ಪದವರು ಅಲ್ಲಿಂದ ಹೊರಡಬಹುದಾಗಿತ್ತು, ನಿಜ. ಆದರೆ ವರ್ಷಾನುಗಟ್ಟಲೆ ಕೂಡಿಸಿಕೊಂಡ ಓದುಗರ ಬಳಗವನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಹೊರಡಬೇಕಾಗಿತ್ತು. ಹಾಗೆ ಹೊರಟವರಲ್ಲಿ ಬಹುಮಂದಿ ಮಾಸ್ಟಡಾನ್ ಎಂಬ ಜಾಲವನ್ನು ಸೇರಿದರು. ಅದರ ಮಾಸಿಕ ಬಳಕೆದಾರರ ಸಂಖ್ಯೆಯು ಎರಡು ತಿಂಗಳೊಳಗೆ ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಅವರು ಅಲ್ಲಿ ಕಂಡ ವ್ಯವಸ್ಥೆಯ ಸ್ವರೂಪವನ್ನು ತಿಳಿಯುವುದು ಅದನ್ನು ಬಳಸುವ ಉದ್ದೇಶವಿಲ್ಲದವರಿಗೂ ಪ್ರಯೋಜನಕರ. ಏಕೆಂದರೆ ಜನರು ಕೂಡಿ ಮಾತಾಡುವ ಎಡೆಯ ಮೇಲೆ ಅಧಿಕಾರ ಯಾರದಾಗಿರಬೇಕೆಂಬ ಪ್ರಶ್ನೆಗೆ ಅದು ತನ್ನದೇ ಆದ ಉತ್ತರವನ್ನು ಕೊಟ್ಟಿದೆ.

ಜರ್ಮನಿಯ ಯೂಜೆನ್ ರೋಚ್ಕೊ ಎಂಬ ತರುಣರು 2016ರಲ್ಲಿ ಮಾಸ್ಟಡಾನ್ ತಂತ್ರಾಂಶವನ್ನು ರಚಿಸಿ, ಅದರ ಮೂಲ ಕೋಡನ್ನು ಯಾರು ಬೇಕಾದರೂ ಓದಿ, ತಿದ್ದಿ, ತಮ್ಮ ಯಂತ್ರದಲ್ಲಿ ನಡೆಸಬಹುದೆಂಬ ನಿಬಂಧನೆಯಡಿಯಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಅದರ ಫಲವಾಗಿ ಸಂಘಸಂಸ್ಥೆಗಳು, ವಿಶ್ವವಿದ್ಯಾಲಯಗಳು, ಸರ್ಕಾರಿ ಕಚೇರಿಗಳು, ಕೇವಲ ಆಸಕ್ತಿಯಿಂದ ತೊಡಗಿದ ವ್ಯಕ್ತಿಗಳು, ಹೀಗೆ ಹಲವರು ನಡೆಸುವ ಸಾವಿರಾರು ಸರ್ವರುಗಳು ಇಂದು ಉಂಟು. ಪ್ರತಿಯೊಂದೂ ಸ್ವತಂತ್ರವಾದುದು, ಆದರೂ ಒಂದರಲ್ಲಿ ಖಾತೆಯುಳ್ಳವನು ಇನ್ನೊಂದರಲ್ಲಿರುವವನ ಬರಹವನ್ನು ಓದಬಲ್ಲನು, ಉತ್ತರಿಸಬಲ್ಲನು, ಅವನನ್ನು ಅನುಸರಿಸಬಲ್ಲನು. ಜಿಮೇಲಿನವರು ಯಾಹೂವಿನವರಿಗೆ ಪತ್ರ ಬರೆಯುವುದು ಹೇಗೆ ಸಾಧ್ಯವಾಗಿದೆಯೋ ಇದೂ ಹಾಗೆಯೇ: ವಿಳಾಸದಲ್ಲಿ ವ್ಯಕ್ತಿಯ ಹೆಸರಿನೊಡನೆ ಅವನು ನೆಲೆಸಿರುವ ಸರ್ವರಿನ ಹೆಸರೂ ಸೇರಿರುತ್ತದೆ. ಈ ಪರಸ್ಪರ ಸಂಪರ್ಕಕ್ಕೆ ಆಧಾರವಾದುದು ಆಕ್ಟಿವಿಟಿಪಬ್ ಎಂಬ ನಿಯಮಾವಳಿ. ವೆಬ್ಬಿನ ಮಾನದಂಡಗಳನ್ನು ನಿರ್ಣಯಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2018ರ ಜನವರಿಯಲ್ಲಿ ಇದಕ್ಕೆ ಮಾನ್ಯತೆಯಿತ್ತಿತು. ಚಿತ್ರಗಳಿಗೆಂದಿರುವ ಪಿಕ್ಸೆಲ್‌ಫೆಡ್, ವಿಡಿಯೋಗಳಿಗೆಂದಿರುವ ಪಿಯರ್‌ಟ್ಯೂಬ್ ಮೊದಲಾದ ಅನ್ಯ ತಂತ್ರಾಂಶಗಳೂ ಇದೇ ನಿಯಮಾವಳಿಯನ್ನು ಪಾಲಿಸುವುದರಿಂದ ಅವುಗಳ ನಡುವೆಯೂ ವ್ಯವಹಾರ ನಡೆಯುತ್ತದೆ. ಈ ಸಮಸ್ತ ಒಕ್ಕೂಟಕ್ಕೆ ಫೆಡಿವರ್ಸ್ ಎಂಬ ಹೆಸರು ರೂಢಿಯಾಗಿದೆ.

ಒಳಹೊಕ್ಕವನ ಗಮನಕ್ಕೆ ಮೊದಲು ಬರುವುದು ಅಲ್ಲಿ ಜಾಹೀರಾತಿಲ್ಲದಿರುವುದು. ಜಾಹೀರಾತಿನಿಂದ ಹಣ ಬರಬೇಕಾದಲ್ಲಿ ಓದುಗನನ್ನು ಆದಷ್ಟು ಹೊತ್ತು ಹಿಡಿದಿಟ್ಟುಕೊಳ್ಳುವುದೇ ಗುರಿಯಾಗಿ, ಅವನನ್ನು ಕೆರಳಿಸತಕ್ಕ ಬರಹಗಳನ್ನು ಆರಿಸಿ ಮೇಲೆತ್ತುವ ಪ್ರವೃತ್ತಿಯು ಸಹಜವಾಗಿಯೇ ಬೆಳೆಯುತ್ತದೆ. ಮಾಸ್ಟಡಾನಿನಲ್ಲಾದರೋ ನಾವು ಅನುಸರಿಸುವವರ ಬರಹಗಳು ಪ್ರಕಟವಾದ ಕಾಲಾನುಕ್ರಮದಲ್ಲಿಯೇ ನಮ್ಮ ಮುಂದೆ ಬರುತ್ತವೆ. ಒಂದು ಬರಹಕ್ಕೆ ಸಾಮಾನ್ಯವಾಗಿ 500 ಅಕ್ಷರಗಳ ಮಿತಿಯಿದ್ದರೂ ಆಯಾ ಸರ್ವರಿನವರು ಅದನ್ನು ಹೆಚ್ಚಿಸಿಕೊಳ್ಳಬಹುದು. ಎಲ್ಲರಿಗೂ ಕಾಣುವಂತೆಯೋ, ತನ್ನನ್ನು ಅನುಸರಿಸುವವರಿಗೆ ಮಾತ್ರವೋ, ಹೆಸರಿಸಿದವರಿಗಷ್ಟೆಯೋ ಎಂಬುದನ್ನು ಪ್ರತಿ ಬರಹಕ್ಕೂ ಪ್ರತ್ಯೇಕವಾಗಿ ನಿರ್ಧರಿಸಬಹುದು. ಮನಸ್ಸನ್ನು ಕಲಕಬಹುದಾದ ವಿಷಯವನ್ನು ಎಚ್ಚರಿಕೆಯ ಒಂದು ಸಾಲಿನ ಹಿಂದೆ ಮರೆಮಾಡಿ, ಓದುವ ಬಿಡುವ ಆಯ್ಕೆಯನ್ನು ಓದುಗನಿಗೇ ಬಿಡಬಹುದು.

ಇಂತಹ ಅನುಕೂಲಗಳಿಗಿಂತ ಗಹನವಾದುದು ಇಲ್ಲಿನ ಶಾಸನಕ್ರಮ. ಪ್ರತಿ ಸರ್ವರಿಗೂ ಅದರದೇ ನಿಯಮಗಳುಂಟು, ಅವುಗಳನ್ನು ಜಾರಿಗೆ ತರುವ ನಿರ್ವಾಹಕರುಂಟು. ನಡತೆಗೆಟ್ಟ ಸದಸ್ಯನನ್ನು ಅವರು ಹೊರಹಾಕಬಹುದು, ಬೇರೊಂದು ಸರ್ವರಿನೊಡನೆ ಇಡಿಯಾಗಿ ಸಂಪರ್ಕವನ್ನೇ ಕಡಿದುಕೊಳ್ಳಲೂಬಹುದು. ದ್ವೇಷಭಾಷಣಕ್ಕೆ ಆಶ್ರಯವೆಂದು ಕುಖ್ಯಾತವಾಗಿದ್ದ ಅಮೆರಿಕದ ಗ್ಯಾಬ್ ಎಂಬ ತಾಣವು 2019ರಲ್ಲಿ ಇದೇ ಕೋಡನ್ನು ತನ್ನದಾಗಿಸಿಕೊಂಡಾಗ ಈ ಕ್ರಮದ ಬಲವೂ ಮಿತಿಯೂ ಒಟ್ಟಿಗೆ ಪ್ರಕಟವಾದವು. ಮುಕ್ತ ತಂತ್ರಾಂಶವಾದುದರಿಂದ ಗ್ಯಾಬನ್ನು ತಡೆಯುವ ಅಧಿಕಾರ ರೋಚ್ಕೊ ಅವರಿಗೂ ಇರಲಿಲ್ಲ. ಆದರೆ ಅನೇಕಾನೇಕ ಸರ್ವರುಗಳು ತಾವಾಗಿಯೇ ಅದನ್ನು ದೂರವಿರಿಸಿದ್ದರಿಂದ ಅದು ಒಕ್ಕೂಟದೊಳಗೆ ಬಹುಮಟ್ಟಿಗೆ ಒಂಟಿಯಾಯಿತು. ಮಾತಾಡುವ ಹಕ್ಕನ್ನು ಕಸಿದುಕೊಳ್ಳಬಲ್ಲ ಒಬ್ಬನಿಲ್ಲ, ಕೇಳಲೇಬೇಕೆಂಬ ಕಡ್ಡಾಯವೂ ಯಾರಿಗೂ ಇಲ್ಲ ಎಂಬುದು ಈ ಶಾಸನದ ಸಾರ.

ನಿರ್ವಾಹಕರ ಆಳ್ವಿಕೆ ಹಿಡಿಸದ ಸದಸ್ಯನು ಬೇರೊಂದು ಸರ್ವರಿಗೆ ವಲಸೆ ಹೋಗಬಹುದು. ಹೋದಾಗ ಅವನನ್ನು ಅನುಸರಿಸುತ್ತಿದ್ದವರೂ ಹೊಸ ಖಾತೆಗೆ ಸೇರಿಸಲ್ಪಡುತ್ತಾರೆ. ಹಳೆಯ ಬರಹಗಳು ಮಾತ್ರ ಹಿಂದೆಯೇ ಉಳಿಯುತ್ತವೆ. ಈ ಕೊರತೆ ಸಣ್ಣದಲ್ಲ.

ಬೇರೆ ನ್ಯೂನತೆಗಳೂ ಇವೆ. ಇಬ್ಬರ ನಡುವಣ ಖಾಸಗಿ ಸಂದೇಶಗಳಿಗೆ ಪೂರ್ಣ ಗೂಢಲಿಪಿಯ ರಕ್ಷಣೆ ಇಲ್ಲವಾದ್ದರಿಂದ ಸರ್ವರಿನ ನಿರ್ವಾಹಕನು ಮನಸ್ಸು ಮಾಡಿದರೆ ಅವನ್ನು ಓದಬಲ್ಲನು. ಯಂತ್ರದ ವೆಚ್ಚವನ್ನೂ ಉಸ್ತುವಾರಿಯ ಶ್ರಮವನ್ನೂ ಬಹುಪಾಲು ಸರ್ವರುಗಳಲ್ಲಿ ದಾನಿಗಳೂ ಸ್ವಯಂಸೇವಕರೂ ಹೊರುತ್ತಾರೆ. ಅವರು ದಣಿದು ಕೈಬಿಟ್ಟರೆ ಸರ್ವರೇ ಮುಚ್ಚಿಹೋಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕು, ಜನರು ತಮ್ಮ ಪರಿಚಿತರಿರುವಲ್ಲಿಯೇ ನಿಲ್ಲುತ್ತಾರೆಂಬುದು. ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆ ಅವರು ನಾಜಿ ಸಭೆಯೊಂದರಲ್ಲಿ ಸೆಲ್ಯೂಟ್ ಮಾಡದೆ ಕೈಕಟ್ಟಿ ನಿಂತ ವ್ಯಕ್ತಿಯ ಪ್ರಸಿದ್ಧ ಛಾಯಾಚಿತ್ರವನ್ನು ತಮ್ಮ ಪುಟದಲ್ಲಿ ಹಾಕಿದ್ದ ಸಂಬಂಧವಾಗಿ ಟ್ವಿಟರ್ ಅವರ ಖಾತೆಯನ್ನು ಅಮಾನತುಗೊಳಿಸಿದುದರಿಂದ ರೊಚ್ಚಿಗೆದ್ದ ಅನೇಕ ಭಾರತೀಯರು 2019ರ ನವೆಂಬರಿನಲ್ಲಿ ಮಾಸ್ಟಡಾನಿಗೆ ನುಗ್ಗಿದರು. ಆದರೂ ದೇಶದ ರಾಜಕೀಯ ಚರ್ಚೆಯು ಹಳೆಯ ತಾಣದಲ್ಲಿಯೇ ಮುಂದುವರಿಯಿತು. ಕೋಪವು ಜನರನ್ನು ಹೊರಡಿಸಬಲ್ಲುದು, ಅವರನ್ನು ಹೊಸ ಎಡೆಯಲ್ಲಿ ನೆಲೆಗೊಳಿಸಲಾರದು.

ಸಂಸ್ಥೆಗಳ ಮಟ್ಟದಲ್ಲಿ ಫಲ ಹೆಚ್ಚು ಸ್ಪಷ್ಟವಾಗಿದೆ. ಜರ್ಮನಿಯ ಫೆಡರಲ್ ಸರ್ಕಾರದ ಕಚೇರಿಗಳಿಗೂ ಯುರೋಪಿಯನ್ ಕಮಿಷನ್ನಿಗೂ ತಮ್ಮವೇ ಸರ್ವರುಗಳಿವೆ. ವಿಳಾಸದಲ್ಲಿಯೇ ಸರ್ಕಾರದ ಹೆಸರಿರುವುದರಿಂದ ಖಾತೆ ಅಸಲಿಯೋ ನಕಲಿಯೋ ಎಂಬ ಸಂದೇಹಕ್ಕೆ ಎಡೆಯಿಲ್ಲ, ತಮ್ಮ ಪ್ರಕಟಣೆಗಳನ್ನು ಪ್ರಜೆಗಳಿಗೆ ಮುಟ್ಟಿಸಲು ಹೊರದೇಶದ ಕಂಪನಿಯೊಂದರ ಅನುಗ್ರಹವನ್ನು ಕಾಯಬೇಕಾದುದೂ ಇಲ್ಲ. ಮೆಟಾ ಕಂಪನಿಯು 2023ರಲ್ಲಿ ಆರಂಭಿಸಿದ ಥ್ರೆಡ್ಸ್ ತಾಣವೇ ಅದೇ ವರ್ಷದ ಕೊನೆಗೆ ಆಕ್ಟಿವಿಟಿಪಬ್ಬಿನ ಪ್ರಯೋಗಕ್ಕೆ ತೊಡಗಿತು. ಅಷ್ಟು ಬೃಹತ್ತಾದ ನೆರೆಯನ್ನು ಸ್ವಾಗತಿಸಬೇಕೋ ದೂರವಿಡಬೇಕೋ ಎಂಬ ವಿಷಯದಲ್ಲಿ ಸರ್ವರುಗಳು ಭಿನ್ನಾಭಿಪ್ರಾಯ ತಾಳಿ, ಪ್ರತಿಯೊಂದೂ ತನಗೆ ತೋರಿದ ತೀರ್ಮಾನವನ್ನು ಕೈಗೊಂಡಿತು.

ಆದಕಾರಣ ಈ ಜಾಲವನ್ನು ಪ್ರವೇಶಿಸಬೇಕೆಂದಿರುವವರು ಮೊದಲು ವಿಚಾರಿಸಬೇಕಾದುದು ಸರ್ವರನ್ನು ನಡೆಸುವವರು ಯಾರು, ಅದರ ಖರ್ಚು ಹೇಗೆ ನಡೆಯುತ್ತದೆ, ನಿಯಮಗಳೇನು, ಯಾರೊಡನೆ ಅದು ಸಂಪರ್ಕ ಕಡಿದುಕೊಂಡಿದೆ ಎಂಬಿವುಗಳನ್ನು. ದೊಡ್ಡ ಕಂಪನಿಗಳ ತಾಣಗಳಲ್ಲಿ ಈ ಪ್ರಶ್ನೆಗಳನ್ನು ನಾವು ಕೇಳುವುದೇ ಇಲ್ಲ, ಕೇಳಿದರೂ ಉತ್ತರದಿಂದ ನಮ್ಮ ಸ್ಥಿತಿ ಬದಲಾಗುವುದಿಲ್ಲ. ವಿಕೇಂದ್ರೀಕರಣದಿಂದ ಅಧಿಕಾರವು ಮಾಯವಾಗುವುದಿಲ್ಲ. ಅದು ಹಲವರಿಗೆ ಹಂಚಿಹೋಗಿ, ಅದರೊಡನೆ ವೆಚ್ಚವೂ ವಿವೇಚನೆಯ ಹೊರೆಯೂ ನಮ್ಮ ಪಾಲಿಗೆ ಬರುತ್ತವೆ. ಆ ಹೊರೆಯನ್ನು ಹೊರಲು ಒಪ್ಪಿದವರಿಗೆ ಮಾತ್ರ ಅದರ ಸ್ವಾತಂತ್ರ್ಯವೂ ದಕ್ಕುತ್ತದೆ.